1887ರ 'ಅಮೆರಿಕನ್ ಎಡಿಟರ್ಸ್' ಸಿಗರೇಟ್ ಕಾರ್ಡು: ಅಸಲಿಯೋ ನಕಲೋ, ಆಲ್ಬಂನಿಂದ ಬಿಡಿಸಬೇಕೋ ಬೇಡವೋ?

ಪ್ರಶ್ನೆ: ದಾವಣಗೆರೆ_ಓದುಗ

ಜುಲೈ 1ರ ಪತ್ರಿಕಾ ದಿನಾಚರಣೆಗೆ ದಾವಣಗೆರೆಯ ಕಾಲೇಜೊಂದರಲ್ಲಿ ಹಳೆಯ ಪತ್ರಿಕೆ, ಅಚ್ಚುಮೊಳೆ, ಬ್ಲಾಕುಗಳ ಚಿಕ್ಕ ಪ್ರದರ್ಶನವಿದೆ. ಅದರಲ್ಲಿ ಇಡುವುದಕ್ಕೆ 11 ಸಿಗರೇಟ್ ಕಾರ್ಡು (ಹಿಂದೆ ಸಿಗರೇಟ್ ಪೊಟ್ಟಣದೊಳಗೆ ಇಡುತ್ತಿದ್ದ ಚಿತ್ರದ ರಟ್ಟು) ಬಂದಿವೆ. 9 ಕಾರ್ಡುಗಳಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಬಣ್ಣದ ಚಿತ್ರಗಳು: ಪುಲಿಟ್ಜರ್, ಚಾರ್ಲ್ಸ್ ಡೇನಾ, ವೈಟ್‌ಲಾ ರೀಡ್, ಹೆನ್ರಿ ವಾಟರ್ಸನ್ ಮುಂತಾದವರು. ಹೆಸರು, ಪತ್ರಿಕೆಯ ಹೆಸರು ಮುಖದ ಮೇಲೇ ಇದೆ. ಉಳಿದ 2 ಇಂಗ್ಲೆಂಡಿನ ಪ್ಲೇಯರ್ಸ್ ಕಂಪನಿಯವು, ಅವುಗಳ ಬೆನ್ನಿಗೆ ಗೋಂದು ಹಚ್ಚಿದ ಹಾಗಿದೆ.

ಸಂಪಾದಕರ 9ರಲ್ಲಿ 7 ಕಪ್ಪು ಹಾಳೆಯ ಆಲ್ಬಂಗೆ ಅಂಟಿವೆ, 2 ಬಿಡಿ. ಬಿಡಿ ಕಾರ್ಡಿನ ಬೆನ್ನಲ್ಲಿ 50 ಹೆಸರಿನ ಪಟ್ಟಿ, ಕೆಳಗೆ ರಿಚ್ಮಂಡ್, ವರ್ಜೀನಿಯಾದ ಆಲೆನ್ ಅಂಡ್ ಗಿಂಟರ್ ಅಂತ ಇದೆ. ಅಳತೆ: ಒಂದು 38×70 ಮಿ.ಮೀ., ಇನ್ನೊಂದು 36.5×69 ಮಿ.ಮೀ.

ಕೇಳಬೇಕಾದ್ದು ಮೂರು. ಇವು ಆ ಕಾಲದವೇ ಅಂತ ಇಲ್ಲೇ ಖಚಿತ ಮಾಡಿಕೊಳ್ಳುವುದು ಹೇಗೆ? ಅಂಟಿದ 7 ಬಿಡಿಸಬಹುದೇ? ಥರ್ಮಾಕೋಲ್ ಹಲಗೆಗೆ ಡಬಲ್ ಟೇಪ್ ಹಾಕಿ ನಿಲ್ಲಿಸುವ ಯೋಚನೆ ಇದೆ, ಲ್ಯಾಮಿನೇಷನ್ ಮಾಡಿಸಿ ಅಂತ ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ 1: ಕಲ್ಲಚ್ಚು

ಮೊದಲು ಕೊನೇ ಪ್ರಶ್ನೆಗೇ ಉತ್ತರ, ಯಾಕಂದ್ರೆ ಅದು ತುರ್ತು: ಲ್ಯಾಮಿನೇಷನ್ ಮಾಡಿಸ್ಬೇಡ್ರಿ, ಡಬಲ್ ಟೇಪ್ ಮುಟ್ಟಿಸ್ಬೇಡ್ರಿ. ಲ್ಯಾಮಿನೇಷನ್ನಿನ ಅಂಟು ಬಿಸಿಗೆ ಕರಗಿ ಕಾಗದದ ನಾರಿನೊಳಗೆ ಇಳಿಯುತ್ತೆ, ಅದನ್ನ ವಾಪಸ್ ತೆಗೆಯೋ ದಾರಿ ಇಲ್ಲ. ಡಬಲ್ ಟೇಪಿನ ಅಂಟು ಹಳದಿಗೆ ತಿರುಗಿ ಎಣ್ಣೆಕಲೆಯ ಹಾಗೆ ಮುಖದವರೆಗೂ ಬರುತ್ತೆ.

ಈಗ ಗುರುತು. ಈ ಸರಣಿ 'ಅಮೆರಿಕನ್ ಎಡಿಟರ್ಸ್', 1887, ಒಟ್ಟು 50 ಕಾರ್ಡು. ಸಂಗ್ರಾಹಕರು ಇದನ್ನ 'ಎನ್ 1' ಅಂತಾರೆ. ಆ ಸಂಖ್ಯೆ ಕಾರ್ಡಿನ ಮೇಲೆ ಇರಲ್ಲ. ಅಮೆರಿಕದ ಸಿರಾಕ್ಯೂಸಿನ ಜೆಫರ್ಸನ್ ಬರ್ಡಿಕ್ ಅನ್ನೋ ಸಂಗ್ರಾಹಕರು 1939ರಿಂದ ಪ್ರಕಟಿಸಿದ ಕ್ಯಾಟಲಾಗಿನಲ್ಲಿ ಕೊಟ್ಟ ಗುರುತು ಅದು. 'ಎನ್' ಅಂದ್ರೆ 19ನೇ ಶತಮಾನದ ತಂಬಾಕು ಕಾರ್ಡು. 1 ಅಂದ ಮಾತ್ರಕ್ಕೆ ಇದೇ ಮೊದಲು ಬಂದ ಸರಣಿ ಅಂತಲ್ಲ. ಆಲೆನ್ ಅಂಡ್ ಗಿಂಟರ್ ಸಿಗರೇಟ್ ಕಂಪನಿಯ ಸರಣಿಗಳನ್ನ ಅವರು ಅಕಾರಾದಿಯಾಗಿ ಜೋಡಿಸಿದ್ರು, 'ಅಮೆರಿಕನ್ ಎಡಿಟರ್ಸ್' ತಲೆಗೆ ಬಂತು, ಅದರ ಹಿಂದೆ 'ಅಮೆರಿಕನ್ ಇಂಡಿಯನ್ ಚೀಫ್ಸ್' ಎನ್ 2 ಆಯ್ತು. ಪ್ರದರ್ಶನದ ಚೀಟಿಯಲ್ಲಿ "ಜಗತ್ತಿನ ಮೊದಲ ಕಾರ್ಡು" ಅಂತ ಬರೀಬೇಡ್ರಿ, ಈ ತಪ್ಪು ಸುಮಾರು ಕಡೆ ಕಾಣುತ್ತೆ.

ಇದೇ ಸಂಪಾದಕರು ದೊಡ್ಡ ಅಳತೆಯಲ್ಲೂ ಬಂದಿದ್ದಾರೆ, ಅದು ಎನ್ 35, ಸುಮಾರು 73×83 ಮಿ.ಮೀ. ನಿಮ್ಮದು ಚಿಕ್ಕದು. ಅದರ ಅಳತೆ ಸುಮಾರು 38×70. ಒಂದರ್ಧ ಮಿ.ಮೀ. ಆಚೀಚೆ ಕಾರ್ಖಾನೆಯ ಕತ್ತರಿಯಲ್ಲೇ ಆಗಿರುತ್ತೆ. 36.5×69 ಇರೋದನ್ನ ಮಾತ್ರ ಅಂಚು ಹಿಡಿದು ನೋಡ್ರಿ. ನಾಲ್ಕೂ ಅಂಚು ಒಂದೇ ತರ ಮಾಸಿ, ಸ್ವಲ್ಪ ಮೆತ್ತಗಾಗಿದ್ರೆ ಹಳೇ ಕತ್ತರಿ. ಒಂದಂಚು ಬೆಳ್ಳಗೆ, ಚೂಪಾಗಿ ಇದ್ರೆ ಆಮೇಲೆ ಯಾರೋ ಸವರಿದ್ದಾರೆ.

ಅಸಲಿ ತಿಳಿಯೋಕೆ 10 ಪಟ್ಟು ಕಾಣೋ ಕಣ್ಣುಗಾಜು ಸಾಕು. ವಾಚ್ ರಿಪೇರಿಯವರ ಹತ್ರ, ಅಕ್ಕಸಾಲಿಗರ ಹತ್ರ ಇರುತ್ತೆ. ಇವು ಬಣ್ಣದ ಕಲ್ಲಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕಲ್ಲಿನ ಮೇಲೆ ಚುಕ್ಕಿ ಇಟ್ಟಿದ್ದು ಮನುಷ್ಯನ ಕೈ. ಹಾಗಾಗಿ ಕೆನ್ನೆ, ಹಣೆಯ ನೆರಳಲ್ಲಿ ಚುಕ್ಕಿಗಳು ಒಂದು ದೊಡ್ಡದು ಒಂದು ಸಣ್ಣದು, ಸಾಲು ಸೊಟ್ಟ. ಎಲ್ಲೋ ಒಂದು ಕಡೆ ಕೆಂಪು ತನ್ನ ಗೆರೆ ದಾಟಿ ಹೊರಗೆ ಇಣುಕಿರುತ್ತೆ. ಇವತ್ತಿನ ಆಫ್‌ಸೆಟ್ ನಕಲಿಯಲ್ಲಿ ನಾಲ್ಕು ಬಣ್ಣದ ಚುಕ್ಕಿ ಅಳೆದಿಟ್ಟ ಹಾಗೆ ಸಣ್ಣ ಹೂವಿನ ಆಕಾರದಲ್ಲಿ ಕೂತಿರುತ್ತವೆ.

ಮುಖಕ್ಕಿಂತ ಅಕ್ಷರ ನೋಡೋದು ಇನ್ನೂ ಸುಲಭ. ಅಸಲಿಯಲ್ಲಿ ಸಂಪಾದಕರ ಹೆಸರಿನ ಅಕ್ಷರ ಗಟ್ಟಿ ಶಾಯಿ, ಅಂಚು ನುಣುಪು. ನಕಲಿಯಲ್ಲಿ ಅಕ್ಷರವೂ ಚುಕ್ಕಿಗಳಾಗಿ ಒಡೆದಿರುತ್ತೆ, ಯಾಕಂದ್ರೆ ಅದು ಫೋಟೊ ತೆಗೆದು ಮಾಡಿದ್ದು. ಚಿತ್ರದ ಚುಕ್ಕಿ ನೋಡಿ ಅನುಮಾನ ಬಂದಾಗಲೂ ಅಕ್ಷರ ಮೋಸ ಮಾಡಲ್ಲ.

ಎರಡನೇ ಪರೀಕ್ಷೆ, ಕತ್ತಲ ಕೋಣೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚು. 365 ನ್ಯಾನೋಮೀಟರ್‌ದು ಇದ್ರೆ ಒಳ್ಳೇದು. ನೋಟು ನೋಡೋ ಅಗ್ಗದ ಟಾರ್ಚು ಹೆಚ್ಚಾಗಿ 395ರದು, ಅದರ ನೇರಳೆ ಬೆಳಕೇ ಕಾಗದದ ಮೇಲೆ ಬಿದ್ದು ಗೊಂದಲ ಮಾಡುತ್ತೆ. ಕಾಗದಕ್ಕೆ ಬಿಳುಪಿನ ರಾಸಾಯನಿಕ ಸೇರಿಸೋದು ಶುರುವಾಗಿದ್ದು 1940ರ ದಶಕದ ಕೊನೆ, 50ರ ಹೊತ್ತಿಗೆ. ನೀಲಿ-ಬಿಳಿಯಾಗಿ ಹೊಳೆದ್ರೆ 1887ರ ಕಾಗದ ಅಲ್ಲ. ಆದ್ರೆ ಹೊಳೆಯದೆ ಮಂಕಾಗಿ ಇದ್ದಷ್ಟಕ್ಕೇ ಅಸಲಿ ಅನ್ನೋ ಹಾಗಿಲ್ಲ, ಹಳೇ ಕಾಗದದ ಮೇಲೆ ಹೊಸದಾಗಿ ಅಚ್ಚು ಹಾಕೋರೂ ಇದ್ದಾರೆ. ಎರಡೂ ಪರೀಕ್ಷೆ ಒಟ್ಟಿಗೆ ಪಾಸಾಗಬೇಕು.

ಇನ್ನೊಂದು ವಿಷಯ. 'ಆಲೆನ್ ಅಂಡ್ ಗಿಂಟರ್' ಅಂತ ಹುಡುಕಿದ್ರೆ ಟಾಪ್ಸ್ ಕಂಪನಿ 2006ರಿಂದ ಅದೇ ಹೆಸರಲ್ಲಿ ಹಳೇ ಶೈಲಿಯಲ್ಲಿ ತರ್ತಿರೋ ಬೇಸ್‌ಬಾಲ್ ಕಾರ್ಡುಗಳೇ ರಾಶಿ ರಾಶಿ ಬರುತ್ತವೆ. ಹೋಲಿಸಿ ನೋಡೋಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಾಣಕ್ಕೆ ಹೋಗ್ರಿ. ಬರ್ಡಿಕ್ ತಮ್ಮ 3 ಲಕ್ಷಕ್ಕೂ ಮೀರಿದ ಸಂಗ್ರಹವನ್ನ ಅಲ್ಲಿಗೇ ಕೊಟ್ಟಿದ್ದು.

ಉತ್ತರ 2: ಹಳೇಕಾಗದ

ಬಿಡಿಸುವ ವಿಷಯ ಹೇಳುತ್ತೇನೆ. ಬಣ್ಣದ ಕಲ್ಲಚ್ಚಿನ ಶಾಯಿ ಎಣ್ಣೆಯದು, ನೀರಿಗೆ ಕರಗುವುದಿಲ್ಲ. ಆ ಕಾಲದ ಆಲ್ಬಂ ಅಂಟು ಹಿಟ್ಟಿನದೋ, ಗೋಂದಿನದೋ, ಸರೇಸಿನದೋ ಆಗಿರುತ್ತದೆ, ಮೂರೂ ನೀರಿಗೆ ಬಿಡುತ್ತವೆ. ಹಾಗಾಗಿ ನೆನೆಸಿ ಬಿಡಿಸಬಹುದು. ನೀರಿನಲ್ಲಿ ಬಿಡಿಸಿದ್ದನ್ನು ಸಂಗ್ರಾಹಕರು ಸಾಮಾನ್ಯವಾಗಿ ಕೆಡಿಸಿದಂತೆ ಎಣಿಸುವುದಿಲ್ಲ. ಅಂಚು ಸವರುವುದು, ಬ್ಲೀಚ್ ಹಾಕುವುದು, ಬಣ್ಣ ತುಂಬುವುದು ಮಾತ್ರ ದೊಡ್ಡ ದೋಷ.

ಕೊಳವೆಬಾವಿ ನೀರು ಬೇಡ, ದಾವಣಗೆರೆ ಸುತ್ತ ಅದು ಗಡಸು, ಒಣಗಿದ ಮೇಲೆ ಸುಣ್ಣದ ಬಿಳಿಪುಡಿ ಉಳಿಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು (ಲವಣ ತೆಗೆದ ನೀರು, ಆಸಿಡ್ ಅಲ್ಲ), ಸೀಲ್ ಒಡೆಯದ ಡಬ್ಬಿ, 5 ಲೀಟರ್ ತನ್ನಿ. ತಣ್ಣೀರೇ ಇರಲಿ. ಬಿಸಿನೀರು ಹಾಕಿದರೆ ಕಾರ್ಡಿನ ಮೇಲ್ಮೈಯ ಹೊಳಪು ಸತ್ತು ಮಂಕಾಗುತ್ತದೆ.

ಕಾರ್ಡಿನ ಸುತ್ತ 1 ಸೆಂ.ಮೀ. ಅಂಚು ಬಿಟ್ಟು ಆಲ್ಬಂ ಹಾಳೆಯನ್ನೇ ಕತ್ತರಿಸಿ. ಒಂದು ಮೂಲೆಗೆ ಒದ್ದೆ ಹತ್ತಿ ಮುಟ್ಟಿಸಿ 1 ನಿಮಿಷ ಕಾಯಿರಿ. ಹತ್ತಿಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಯಾರಾದರೂ ಪೆನ್ನಿನಲ್ಲಿ ಬರೆದಿದ್ದರಂತೂ ನೆನೆಸಲೇಬೇಡಿ, ಆ ಶಾಯಿ ಹರಡಿ ಇಡೀ ಕಾರ್ಡಿಗೆ ಇಳಿಯುತ್ತದೆ. ಪರೀಕ್ಷೆ ಪಾಸಾದರೆ ಸ್ಟೀಲ್ ತಟ್ಟೆಯಲ್ಲಿ 2 ಸೆಂ.ಮೀ. ನೀರು, ಕೆಳಗೆ ಓಎಚ್‌ಪಿ ಹಾಳೆಯಂತಹ (ಹಳೆಯ ಪ್ರೊಜೆಕ್ಟರಿನ ಪಾರದರ್ಶಕ ಹಾಳೆ) ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಮುಖ ಮೇಲಾಗಿ ಒಂದೇ ಕಾರ್ಡು. ಕಪ್ಪು ಹಾಳೆ ಬಣ್ಣ ಬಿಡುತ್ತದೆ, ನೀರು ಕಂದಿದ ಕೂಡಲೇ ಬದಲಿಸಿ. 20-30 ನಿಮಿಷಕ್ಕೆ ಹಾಳೆ ತಾನೇ ಸಡಿಲವಾಗಬೇಕು. ಎಳೆಯಬಾರದು. ಎಳೆದರೆ ಬೆನ್ನಿನ ಪದರ ಹಾಳೆಗೇ ಅಂಟಿಕೊಂಡು ಬರುತ್ತದೆ, 50 ಹೆಸರಿನ ಪಟ್ಟಿಯಲ್ಲಿ ಅರ್ಧ ಹೋಯಿತು ಅಂತಲೇ ಲೆಕ್ಕ. ಈ ಕಾರ್ಡುಗಳನ್ನು ಹಾಳುಮಾಡುವುದು ನೀರಲ್ಲ, ಅವಸರ.

ಬಿಟ್ಟ ಮೇಲೆ ಬೆನ್ನಿನ ಅಂಟನ್ನು ಮೆತ್ತನೆ ಬ್ರಷ್ಷಿನಿಂದ ನೀರಿನೊಳಗೇ ಸವರಿ. ಪಾಲಿಯೆಸ್ಟರ್ ಹಾಳೆಯ ಸಮೇತ ಎತ್ತಿ, ಬೆರಳಲ್ಲಿ ಹಿಡಿದೆತ್ತಿದರೆ ಒದ್ದೆ ಕಾಗದ ತನ್ನ ಭಾರಕ್ಕೇ ಹರಿಯುತ್ತದೆ. ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು 15 ನಿಮಿಷಕ್ಕೊಮ್ಮೆ, ಆಮೇಲೆ 1 ಗಂಟೆಗೊಮ್ಮೆ ಪೇಪರ್ ಬದಲಿಸಿ, ಕೊನೆಗೆ ಗಾಜಿನ ಹಲಗೆ ಮತ್ತು 2-3 ಕೆ.ಜಿ. ಪುಸ್ತಕ ಹೇರಿ 3 ದಿನ. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ, ಸೆಟೆದುಕೊಳ್ಳುತ್ತದೆ.

ಪ್ಲೇಯರ್ಸ್ ಕಾರ್ಡುಗಳಿಗೆ ಈ ಕ್ರಮ ಅನ್ವಯಿಸಬೇಡಿ. 1930ರ ದಶಕದಲ್ಲಿ ಪ್ಲೇಯರ್ಸ್, ವಿಲ್ಸ್‌ನವರು ಬೆನ್ನಿಗೆ ಗೋಂದು ಹಚ್ಚಿದ ಕಾರ್ಡು ತಂದರು, ನಾಲಿಗೆಗೆ ಮುಟ್ಟಿಸಿ ಆಲ್ಬಂಗೆ ಹಚ್ಚುವುದಕ್ಕೆ. ನೀರು ಸೋಕಿದರೆ ಆ ಗೋಂದೇ ಹೋಯಿತು. ಮಳೆಗಾಲದ ತೇವಕ್ಕೇ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬೇರೆ ಬೇರೆ ಇಡಿ.

ಉತ್ತರ 3: ದುರ್ಗದ_ಬತೇರಿ

ಹಳೇಕಾಗದ ಸರ್ ಹೇಳಿದ ಕ್ರಮ ಸರಿ ಇದೆ. ಆದ್ರೆ ಜೂನ್‌ನಲ್ಲಿ ಅದನ್ನ ಮಾಡ್ಬೇಡ್ರಿ ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಒದ್ದೆ ಕಾಗದ ಒಣಗೋಕೆ ಗಾಳಿ ಒಣಗಿರಬೇಕು. ನಮ್ಮ ಕಡೆ ಮುಂಗಾರು ಹಿಡಿದ ಮೇಲೆ ಗಾಳಿಯ ತೇವ ಶೇ. 70 ದಾಟೋದು ಮಾಮೂಲಿ. ಅಷ್ಟು ತೇವದಲ್ಲಿ ಅಂಟಿನ ಅಂಶ ಉಳಿದ ಕಾಗದಕ್ಕೆ ಬೂಷ್ಟು ಹಿಡಿಯೋಕೆ 48 ಗಂಟೆ ಸಾಕು. ಭಾರ ಹೇರಿ ಮುಚ್ಚಿಟ್ಟಾಗ ಒಳಗೆ ಏನಾಗ್ತಿದೆ ಅಂತ ಕಾಣೋದೂ ಇಲ್ಲ. ಚಿತ್ರದುರ್ಗ, ದಾವಣಗೆರೆಯಲ್ಲಿ ಈ ಕೆಲಸಕ್ಕೆ ಸರಿಯಾದ ಕಾಲ ಜನವರಿ-ಫೆಬ್ರವರಿ.

ಇನ್ನು ಬಿಡಿಸೋ ಅಗತ್ಯ ಏನಿದೆ ಅಂತ ಯೋಚನೆ ಮಾಡ್ರಿ. ಬೆನ್ನಲ್ಲಿ ಇರೋದು ಸರಣಿಯ ಪಟ್ಟಿ, ಎಲ್ಲಾ ಕಾರ್ಡಿಗೂ ಅದೇ. ನಿಮ್ಮ ಹತ್ರ ಎರಡು ಬಿಡಿ ಕಾರ್ಡು ಇವೆಯಲ್ಲ, ಒಂದರ ಬೆನ್ನು ತೋರಿಸ್ರಿ, ಸಾಕು. ಆಲ್ಬಂ ಹಾಳೆ ಕೂಡ ಒಂದು ದಾಖಲೆ: ಯಾರ ಪಕ್ಕ ಯಾರನ್ನ ಅಂಟಿಸಿದ್ರು, ಯಾವ ಜಾಗ ಖಾಲಿ ಬಿಟ್ರು ಅನ್ನೋದು ಒಮ್ಮೆ ಕತ್ತರಿ ಹಾಕಿದ್ರೆ ಮುಗೀತು.

ಒಂದು ಸಂದರ್ಭದಲ್ಲಿ ಮಾತ್ರ ಬಿಡಿಸಲೇಬೇಕು. ಆಲ್ಬಂ ನಮ್ಮ ಕಡೆ ಬೈಂಡಿಂಗ್ ಆಗಿದ್ದರೆ ಅಂಟಿಗೆ ಮೈಲುತುತ್ತ ಹಾಕಿರೋ ಸಾಧ್ಯತೆ ಹೆಚ್ಚು. ಹುಳ ಬರದಿರಲಿ ಅಂತ ಬೈಂಡರುಗಳು ಮೈದಾ ಅಂಟಿಗೆ ಅದನ್ನ ಸೇರಿಸ್ತಿದ್ರು. ಹುಳ ಬರಲ್ಲ ನಿಜ, ಆದ್ರೆ ಅದರೊಳಗಿನ ತಾಮ್ರ ಕಾಗದದ ನಾರನ್ನ ಒಳಗಿಂದ ಸುಡುತ್ತೆ. ಅಂಚಲ್ಲಿ ಹಸಿರು ಛಾಯೆ, ಅಂಟಿದ ಜಾಗ ಕಂದು, ಮುಟ್ಟಿದ್ರೆ ಪುಡಿ, ಇವು ಕಂಡ್ರೆ ಫೆಬ್ರವರಿಗೆ ಮೊದಲ ಕೆಲಸ ಅದೇ ಇರಲಿ. ಕಾಣದಿದ್ರೆ ಹಾಗೇ ಬಿಡ್ರಿ.

ತೋರಿಸೋ ವಿಧಾನ: ಹಾಳೆಯನ್ನ ಹಾಗೇ ಇಟ್ಟು, ಮೇಲೆ ಕಿಟಕಿ ಕತ್ತರಿಸಿದ ದಪ್ಪ ಕಾಗದ. ಅಂಗಡಿಯ ಮಾಮೂಲಿ ಮೌಂಟ್ ಬೋರ್ಡಿನಲ್ಲಿ ಆಮ್ಲ ಇರುತ್ತೆ, ವರ್ಷ ಕಳೆದ್ರೆ ಕತ್ತರಿಸಿದ ಅಂಚೇ ಕಂದಾಗುತ್ತೆ. ಅದರ ಬದಲು ಜಲವರ್ಣಕ್ಕೆ ಬಳಸೋ 100% ಹತ್ತಿಯ 300 ಜಿಎಸ್ಎಂ ಕಾಗದ ತಗೊಳ್ರಿ, ಕಲಾವಿದರ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಬಿಡಿ ಕಾರ್ಡಿಗೆ ಅದೇ ಕಾಗದದ ಮೇಲೆ ನಾಲ್ಕು ಮೂಲೆಗೆ ಪಾಲಿಯೆಸ್ಟರ್ ಮೂಲೆಚೀಲ, ಕಾರ್ಡಿಗೆ ಅಂಟು ಸೋಕಬಾರದು. ಪಿವಿಸಿ ಕವರು ಬೇಡ. ವಾಸನೆ ನೋಡ್ರಿ, ಹೊಸ ಪ್ಲಾಸ್ಟಿಕ್ ವಾಸನೆ ಜೋರಾಗಿ ಬಂದ್ರೆ ಅದು ಪಿವಿಸಿ ಅಂತಲೇ ತಿಳ್ಕೊಂಡು ದೂರ ಇಡ್ರಿ.

ಗಾಜು ಕಾರ್ಡಿಗೆ ತಗಲಬಾರದು. 3-4 ಮಿ.ಮೀ. ಅಂತರ ಇರಲಿ, ಅಂದ್ರೆ ಕಿಟಕಿ ಕಾಗದ ಹತ್ತು ಪದರವಾದ್ರೂ ಬೇಕು. ಇದಕ್ಕೆ ಯಾರೂ ಗಮನ ಕೊಡಲ್ಲ. ಮಳೆಗಾಲದ ರಾತ್ರಿ ಗಾಜಿನ ಒಳಗೆ ಬೆವರು ಕೂತು ಹೊಳಪಿನ ಮುಖ ಗಾಜಿಗೇ ಹತ್ತಿಕೊಳ್ಳುತ್ತೆ, ಆಮೇಲೆ ತೆಗೆಯೋಕೆ ಹೋದ್ರೆ ಪುಲಿಟ್ಜರ್ ಮುಖ ಗಾಜಲ್ಲಿ ಉಳಿಯುತ್ತೆ.

ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಸಾಕು. ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಆಗುತ್ತೆ. ಕಾರಿಡಾರಿನ ಕಿಟಕಿ ಎದುರು ಹಗಲು ಸಾವಿರ ಲಕ್ಸ್ ದಾಟೋದು ಸಹಜ, ಅಲ್ಲಿ ಬೇಡ. ಮಂಡಕ್ಕಿ ಭಟ್ಟಿಗಳ ಗಾಳಿ ಬೀಸೋ ಕಡೆಯ ಕಟ್ಟಡ ಆದ್ರೆ ಕಿಟಕಿ ಮುಚ್ಚಿರಲಿ. ಆ ಹೊಗೆಯ ಮಸಿ ಕಾಗದದ ಮೇಲೆ ಕೂತ್ರೆ ಬಟ್ಟೆಯಲ್ಲಿ ಒರೆಸಿದಷ್ಟೂ ಒಳಗೆ ಇಳಿಯುತ್ತೆ, ಒಣ ಬ್ರಷ್ಷಿನಲ್ಲಿ ಹಾರಿಸಬೇಕು ಅಷ್ಟೇ.

ಮರುಪ್ರಶ್ನೆ: ದಾವಣಗೆರೆ_ಓದುಗ

ಎಲ್ಲರಿಗೂ ನಮಸ್ಕಾರ, ಉಪಕಾರವಾಯಿತು. 38×70 ಕಾರ್ಡಿನ ಅಕ್ಷರ ಗಟ್ಟಿ ಶಾಯಿ, ಚುಕ್ಕಿ ಸೊಟ್ಟ, ಯುವಿಯಲ್ಲಿ ಮಂಕು. 36.5×69 ಇರುವುದರ ಅಕ್ಷರ ಚುಕ್ಕಿಗಳಾಗಿ ಒಡೆದಿದೆ, ಯುವಿಯಲ್ಲಿ ನೀಲಿಯಾಗಿ ಹೊಳೆಯಿತು. ಆಲ್ಬಂನ 7 ಮೊದಲನೆಯದರ ಹಾಗೇ ಇವೆ, ಹಸಿರು ಛಾಯೆ ಇಲ್ಲ, ಬಿಡಿಸುವುದಿಲ್ಲ.

ಇನ್ನೊಂದು ಕೇಳಬೇಕು. ಈ ಸಂಪಾದಕರ ಬಗ್ಗೆ ಪಿಯುಸಿ ಮಕ್ಕಳಿಗೆ ತಾಗುವ ಹಾಗೆ ಚೀಟಿ ಬರೆಯಬೇಕು. ಸಿಗರೇಟ್ ವಿಷಯ ಕಾಲೇಜಿನಲ್ಲಿ ತೊಂದರೆ ಆಗದೇ?

ಉತ್ತರ 4: ಪತ್ರಿಕಾ_ಕಪಾಟು

ಜನ್ಮದಿನ, ಊರು ಬರೆದರೆ ಯಾರೂ ನಿಂತು ಓದುವುದಿಲ್ಲ. ಒಬ್ಬೊಬ್ಬರಿಗೆ ಒಂದೇ ಸಂಗತಿ, ಮೂರು ಸಾಲು.

ಡೇನಾ ಅವರಿಂದ ಶುರು ಮಾಡಿ, ನಮ್ಮ ದೇಶಕ್ಕೆ ಹತ್ತಿರದ ಕಥೆ ಅವರದೇ. ಕಾರ್ಡಿನಲ್ಲಿ ಅವರು ನ್ಯೂಯಾರ್ಕ್ 'ಸನ್' ಪತ್ರಿಕೆಯ ಸಂಪಾದಕ, ಅಲ್ಲಿಗೆ ಬಂದದ್ದು 1868ರಲ್ಲಿ. ಅದಕ್ಕೂ ಮೊದಲು ನ್ಯೂಯಾರ್ಕಿನದೇ 'ಟ್ರಿಬ್ಯೂನ್' ಪತ್ರಿಕೆಯಲ್ಲಿದ್ದಾಗ ಕಾರ್ಲ್ ಮಾರ್ಕ್ಸ್ ಅವರನ್ನು ಲಂಡನ್ನಿನಿಂದ ಬರೆಯಲು ಹಚ್ಚಿದವರು ಇದೇ ಡೇನಾ. ಭಾರತದಲ್ಲಿ ಬ್ರಿಟಿಷ್ ಆಳ್ವಿಕೆ ಕುರಿತ 1853ರ ಲೇಖನಗಳು, 1857ರ ದಂಗೆಯ ಬಗೆಗಿನ ಬರಹಗಳು ಅಚ್ಚಾದದ್ದು ಆ ಪತ್ರಿಕೆಯಲ್ಲೇ.

ಪುಲಿಟ್ಜರ್: 1883ರಲ್ಲಿ 'ವರ್ಲ್ಡ್' ಪತ್ರಿಕೆಯನ್ನು 3,46,000 ಡಾಲರಿಗೆ ಕೊಂಡರು. ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪೀಠಕ್ಕೆ ದುಡ್ಡು ಸಾಲದೆ ಕೆಲಸ ನಿಂತಾಗ, 1885ರಲ್ಲಿ ಪತ್ರಿಕೆಯ ಮೂಲಕ 1 ಲಕ್ಷ ಡಾಲರ್ ಕೂಡಿಸಿದರು. ಕೊಟ್ಟವರು 1,20,000ಕ್ಕೂ ಹೆಚ್ಚು ಜನ, ಬಹುಪಾಲು ಒಂದು ಡಾಲರಿಗಿಂತ ಕಡಿಮೆ. ಚಿಕ್ಕ ಮೊತ್ತ ಕೊಟ್ಟವರ ಹೆಸರನ್ನೂ ಪತ್ರಿಕೆ ಅಚ್ಚು ಹಾಕಿತು. ಪ್ರತಿಮೆ ನಿಂತದ್ದು 1886, ಕಾರ್ಡು ಬಂದದ್ದು ಮರುವರ್ಷ.

ರೀಡ್: ಇವರ ಕಾರ್ಡನ್ನು ಅಚ್ಚುಮೊಳೆಯ ಪೆಟ್ಟಿಗೆಯ ಪಕ್ಕದಲ್ಲೇ ಇಡಿ. ಒಂದೊಂದೇ ಮೊಳೆ ಜೋಡಿಸುವ ಬದಲು ಇಡೀ ಸಾಲನ್ನು ಒಮ್ಮೆಗೇ ಎರಕ ಹೊಯ್ಯುವ ಲೈನೋಟೈಪ್ ಯಂತ್ರ ಮೊದಲು ಪತ್ರಿಕೆಯ ಕೆಲಸಕ್ಕೆ ಇಳಿದದ್ದು 1886ರ ಜುಲೈನಲ್ಲಿ, ಇವರ 'ಟ್ರಿಬ್ಯೂನ್' ಕಚೇರಿಯಲ್ಲಿ.

ವಾಟರ್ಸನ್: ಲೂಯಿವಿಲ್‌ನ 'ಕೊರಿಯರ್-ಜರ್ನಲ್'. 1918ರಲ್ಲಿ ಸಂಪಾದಕೀಯಕ್ಕೆ ಪುಲಿಟ್ಜರ್ ಪ್ರಶಸ್ತಿ ಪಡೆದರು. 1887ರಲ್ಲಿ ಒಂದೇ ಸರಣಿಯಲ್ಲಿ ಕೂತ ಇಬ್ಬರಲ್ಲಿ ಒಬ್ಬರ ಹೆಸರಿನ ಪ್ರಶಸ್ತಿ 31 ವರ್ಷದ ಬಳಿಕ ಇನ್ನೊಬ್ಬರಿಗೆ ಸಂದಿತು. ಇಬ್ಬರ ಕಾರ್ಡೂ ಒಂದೇ ಹಾಳೆಯಲ್ಲಿದ್ದರೆ ಅದೇ ಹಾಳೆ ತೆರೆದಿಡಿ.

ಕನ್ನಡದ ಕೊಂಡಿ ಬೇಕೇ ಬೇಕು. ಜುಲೈ 1 ಪತ್ರಿಕಾ ದಿನ ಆದದ್ದು 1843ರ ಜುಲೈ 1ರಂದು ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದ ಕಾರಣಕ್ಕೆ. ಅದೂ ಕಲ್ಲಚ್ಚಿನದೇ. ಮರುವರ್ಷ ಪತ್ರಿಕೆ ನಿಮ್ಮ ನೆರೆಯ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅದರ ಮೊದಲ ಪುಟದ ಪ್ರತಿಯನ್ನು ಕಾರ್ಡಿನ ಪಕ್ಕ ಇಟ್ಟರೆ, ಕಪ್ಪು ಒಂದೇ ಬಣ್ಣದ ಕಲ್ಲಚ್ಚು 44 ವರ್ಷದಲ್ಲಿ ಎಷ್ಟು ಬಣ್ಣಕ್ಕೆ ಬೆಳೆಯಿತು ಅಂತ ಕಣ್ಣಿಗೇ ಕಾಣುತ್ತದೆ. ಈ ಜೋಡಿಯೇ ನಿಮ್ಮ ಪ್ರದರ್ಶನದ ತಿರುಳು ಆಗಬೇಕು ಅನ್ನುವುದು ನನ್ನ ಒತ್ತಾಯ.

ಸಿಗರೇಟಿನ ವಿಷಯ ಮುಚ್ಚಿಡಬೇಡಿ, ನೇರವಾಗಿ ಬರೆಯಿರಿ: ಮೆತ್ತನೆ ಪೊಟ್ಟಣ ಬಾಗದಿರಲಿ ಅಂತ ಒಳಗಿಟ್ಟ ರಟ್ಟು ಇದು, ಸರಣಿ ಪೂರ್ತಿ ಮಾಡುವ ಆಸೆಗೆ ಜನ ಮತ್ತೆ ಮತ್ತೆ ಕೊಳ್ಳಲಿ ಅಂತ ಚಿತ್ರ ಹಾಕಿದರು, ಮಕ್ಕಳೂ ಅದರ ಹಿಂದೆ ಬಿದ್ದರು. ಬ್ರ್ಯಾಂಡ್ ಹೆಸರಿರುವ ಬೆನ್ನನ್ನು ದೊಡ್ಡ ಪೋಸ್ಟರ್ ಮಾಡಬೇಡಿ. ತಂಬಾಕು ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆ, ಇತಿಹಾಸದ ವಸ್ತು ಜಾಹೀರಾತಿನಂತೆ ಕಾಣಬಾರದು. ಪ್ರಾಂಶುಪಾಲರಿಗೆ ಚೀಟಿಯ ಪಠ್ಯ ಮೊದಲೇ ತೋರಿಸಿ. ಸಂಪಾದಕರ ಮುಖವನ್ನು ದೊಡ್ಡದು ಮಾಡಬೇಕಿದ್ದರೆ ನಿಮ್ಮ ಕಾರ್ಡನ್ನು ಸ್ಕ್ಯಾನರ್ ಮೇಲೆ ಒತ್ತಬೇಡಿ. ಮೆಟ್ರೊಪಾಲಿಟನ್ ಮ್ಯೂಸಿಯಂ ಹಕ್ಕುಮುಕ್ತ ಕೃತಿಗಳ ಚಿತ್ರಗಳನ್ನು 2017ರಿಂದ ಉಚಿತವಾಗಿ ಬಿಟ್ಟಿದೆ, ಅಲ್ಲಿಂದ ಇಳಿಸಿಕೊಂಡು ಎ3 ಅಳತೆಗೆ ಅಚ್ಚು ಹಾಕಿಸಿ.

ಉತ್ತರ 5: ಕಲ್ಲಚ್ಚು

ಹೊಳೆದ ಆ ಎರಡನೇ ಕಾರ್ಡು ಎಸೀಬೇಡ್ರಿ. ಅದರ ಬೆನ್ನಿಗೆ ಪೆನ್ಸಿಲ್ಲಲ್ಲಿ 'ಮರುಮುದ್ರಣ' ಅಂತ ಬರೆದು, ಅಸಲಿಯ ಜೊತೆಯಲ್ಲೇ ಇಡ್ರಿ. ಮೇಜಿಗೆ ದಾರ ಕಟ್ಟಿದ ಕಣ್ಣುಗಾಜು ಒಂದು ಇರಲಿ. ಅಸಲಿ ಗಾಜಿನೊಳಗೆ ಇರೋದ್ರಿಂದ ಅದರ ಅಕ್ಷರದ ಭಾಗವನ್ನ ಮಾತ್ರ ಮ್ಯೂಸಿಯಂ ಚಿತ್ರದಿಂದ 10 ಪಟ್ಟು ದೊಡ್ಡದಾಗಿ ಅಚ್ಚು ಹಾಕ್ಸಿ, ನಕಲಿಯನ್ನ ಮಕ್ಕಳು ಕೈಯಲ್ಲೇ ಹಿಡಿದು ನೋಡಲಿ. ಯಾವುದು ಕಲ್ಲು, ಯಾವುದು ಫೋಟೊ ಅಂತ ಅವರೇ ಹೇಳ್ತಾರೆ.

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ 50 ಗ್ರಾಂ ಪೊಟ್ಟಣ ಒಂದು, ಕಾರ್ಡಿಗೆ ತಾಗದ ಹಾಗೆ ಮೂಲೆಯಲ್ಲಿ. ಕಿತ್ತಳೆ ಬಣ್ಣದ್ದು ತಗೊಳ್ರಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತೆ. ತೇವ ಹೀರಿ ಬಣ್ಣ ಬದಲಾದ್ರೆ ಪೊಟ್ಟಣದಿಂದ ತಟ್ಟೆಗೆ ಸುರಿದು 120 ಡಿಗ್ರಿ ಒವನ್ನಿನಲ್ಲಿ 2 ಗಂಟೆ ಇಟ್ಟು ಮತ್ತೆ ಬಳಸಬಹುದು.